ರಿಪೋರ್ಟ್‌ಬಗ್

ರಿಪೋರ್ಟ್‌ಬಗ್ ಎಂಬುದು ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಂಡುಬರುವ ದೋಷಗಳನ್ನು ವರದಿ ಮಾಡಲು ಬಳಸುವ ತಂತ್ರಾಂಶ. ಇದನ್ನು ಪೈಥಾನ್ ಭಾಷೆಯಲ್ಲಿ ರಚಿಸಲಾಗಿದೆ. ಡೆಬಿಯನ್, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಮುಕ್ತ ತಂತ್ರಾಂಶ ಯೋಜನೆಯಾಗಿದ್ದು, ಅದನ್ನು ಸ್ವಯಂಸೇವಕರು ನಿರ್ವಹಿಸುತ್ತಾರೆ.

ಕಾರ್ಯವಿಧಾನ

ಬಳಕೆದಾರರು ದೋಷವಿರುವ ಪ್ಯಾಕೇಜಿನ ಹೆಸರನ್ನು ನೀಡಿದಾಗ, ರಿಪೋರ್ಟ್‌ಬಗ್ ಅದರ ಆವೃತ್ತಿ, ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳು ಹಾಗೂ ಕರ್ನಲ್‌ನ ವಿವರಗಳನ್ನು ತಾನೇ ಸಂಗ್ರಹಿಸುತ್ತದೆ. ಅದೇ ದೋಷ ಮೊದಲೇ ದಾಖಲಾಗಿದೆಯೇ ಎಂಬುದನ್ನು ತಿಳಿಯಲು ಹಳೆಯ ವರದಿಗಳ ಪಟ್ಟಿಯನ್ನು ತೋರಿಸುತ್ತದೆ. ಅನಂತರ ದೋಷದ ತೀವ್ರತೆಯನ್ನು ಕೇಳಿ, ಸಿದ್ಧವಾದ ವರದಿಯನ್ನು ಇಮೇಲ್ ಮೂಲಕ ಡೆಬಿಯನ್‌ನ ದೋಷ ದಾಖಲಾತಿ ವ್ಯವಸ್ಥೆಗೆ ಕಳುಹಿಸುತ್ತದೆ.

ವಿಫಲವಾಗಲು ಕಾರಣಗಳು

ವರದಿಯು ಸಿದ್ಧವಾದರೂ ತಲುಪದಿದ್ದರೆ, ಮೊದಲು ಪರಿಶೀಲಿಸಬೇಕಾದುದು ರವಾನೆಯ ಹಂತವನ್ನು. ಗಣಕದಲ್ಲಿ ಇಮೇಲ್ ರವಾನೆಯ ವ್ಯವಸ್ಥೆ ಇಲ್ಲದಿರುವುದು, ಕಳುಹಿಸುವವರ ವಿಳಾಸ ತಪ್ಪಾಗಿರುವುದು, ಅನಪೇಕ್ಷಿತ ಇಮೇಲ್ ತಡೆಯಲು ಅಂತರಜಾಲ ಸೇವಾದಾರರು 25ನೆಯ ಪೋರ್ಟನ್ನು ಮುಚ್ಚಿರುವುದು ಸಾಮಾನ್ಯ ಕಾರಣಗಳು.

ಪರಿಹಾರ

'ಕಾನ್ಫಿಗರ್' ಆಯ್ಕೆಯೊಂದಿಗೆ ರಿಪೋರ್ಟ್‌ಬಗ್ ಅನ್ನು ಮತ್ತೆ ಚಾಲನೆಗೊಳಿಸಿ, ತಮ್ಮ ಇಮೇಲ್ ಸೇವೆಯ ಸರ್ವರ್ ಹೆಸರನ್ನೂ 587ನೆಯ ಪೋರ್ಟನ್ನೂ ನಮೂದಿಸಬಹುದು. ರವಾನೆ ವಿಫಲವಾದಾಗ ವರದಿಯು ತಾತ್ಕಾಲಿಕ ಕಡತಕೋಶದಲ್ಲಿ ಉಳಿಯುತ್ತದೆ. ಗಣಕವನ್ನು ಮರುಚಾಲನೆ ಮಾಡಿದರೆ ಅಳಿದುಹೋಗಬಹುದಾದುದರಿಂದ ಅದನ್ನು ಕೂಡಲೇ ಬೇರೆಡೆ ಉಳಿಸಿಕೊಳ್ಳಬೇಕು. ಆ ಪಠ್ಯವನ್ನು ಸಾಮಾನ್ಯ ಇಮೇಲ್ ಆಗಿಯೂ ಕಳುಹಿಸಬಹುದು. ಆಗ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿಯ ಸಾಲುಗಳು ಆರಂಭದಲ್ಲಿಯೇ ಇರಬೇಕು. ಪ್ಯಾಕೇಜಿನ ಹೆಸರಿಲ್ಲದಿದ್ದರೆ ವರದಿ ಸಂಬಂಧಪಟ್ಟ ನಿರ್ವಾಹಕರನ್ನು ಸೇರುವುದಿಲ್ಲ.

ವರದಿ ದಾಖಲಾದೊಡನೆ ದೋಷಸಂಖ್ಯೆಯುಳ್ಳ ಉತ್ತರ ಇಮೇಲ್‌ನಲ್ಲಿ ಬರುತ್ತದೆ. ಆ ಸಂಖ್ಯೆ ದೊರೆತ ನಂತರವೇ ವರದಿ ತಲುಪಿದೆಯೆಂದು ತಿಳಿಯಬೇಕು.