ಮ್ಯಾಂಡೊಲಿನ್ನನ್ನು ನುಡಿಸದೆ ಕೊಳ್ಳಬಹುದೆ?

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆಲಿಸುವಳು. ಕಣಕಣನೆ ದನಿ ಹೊರಟರೆ ಮಡಕೆ ಗಟ್ಟಿ. ದನಿ ಒಡಕಾಗಿದ್ದರೆ ಎಲ್ಲಿಯೋ ಕಣ್ಣಿಗೆ ಕಾಣದ ಬಿರುಕುಂಟು. ಅಲ್ಪ ಬೆಲೆಯ ಮಡಕೆಗೇ ಇಷ್ಟು ಪರೀಕ್ಷೆ ನಡೆಯುವಾಗ, ಹಲವು ಲಕ್ಷ ರೂಪಾಯಿಗಳ ಮ್ಯಾಂಡೊಲಿನ್ ವಾದ್ಯವೊಂದನ್ನು ಮುಟ್ಟದೆ, ಮೀಟದೆ, ಕೇವಲ ಚಿತ್ರಗಳನ್ನೂ ವರ್ಣನೆಯನ್ನೂ ಒಂದು ಧ್ವನಿಮುದ್ರಣವನ್ನೂ ನಂಬಿ ಕೊಳ್ಳಬಹುದೆ? ವಾದ್ಯವು ಅಮೆರಿಕದ ಕಾರ್ಯಾಗಾರದಲ್ಲಿ, ಕೊಳ್ಳುವವನು ಬೆಂಗಳೂರಿನಲ್ಲಿ ಇದ್ದರೆ ಬೇರೆ ದಾರಿಯೂ ಕಾಣದು. ನೀರಿನಲ್ಲಿ ಮಲಗಿದ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವ ವ್ಯಾಪಾರವಿದು. ಆದರೂ ಇದರೊಳಗೆ ಭೌತಶಾಸ್ತ್ರದ ಒಂದು ಸೊಗಸಾದ ಪ್ರಶ್ನೆ ಅಡಗಿದೆ.

ಮ್ಯಾಂಡೊಲಿನ್ ಎಂದೊಡನೆ ನಮ್ಮವರಿಗೆ ನೆನಪಾಗುವವರು ಯು. ಶ್ರೀನಿವಾಸ್ (1969–2014). ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದು ಐದು ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು. ಅದರಲ್ಲಿ ಉಕ್ಕಿನ ತಂತಿಗಳ ಕಂಪನವನ್ನು ಅಯಸ್ಕಾಂತವೂ ತಂತಿಯ ಸುರುಳಿಯೂ ನೇರವಾಗಿ ಗ್ರಹಿಸುವುವು. ಮರದ ಪಾತ್ರ ಕಡಿಮೆ. ನಾವಿಲ್ಲಿ ವಿಚಾರಿಸುತ್ತಿರುವುದು ಎಂಟು ತಂತಿಗಳ, ಟೊಳ್ಳಾದ ಮರದ ಒಡಲಿನ ವಾದ್ಯವನ್ನು. ಇದರ ಪ್ರಸಿದ್ಧ ಮಾದರಿಯಾದ ಎಫ್-5 ಅನ್ನು ಅಮೆರಿಕದ ಕಲಮಜೂ ನಗರದ ಗಿಬ್ಸನ್ ಸಂಸ್ಥೆಯು 1922ರಲ್ಲಿ ಹೊರತಂದಿತು. ಅದರ ಹಿಂದಿದ್ದ ಲಾಯ್ಡ್ ಲೋರ್ ಎಂಬಾತನು ವಾದ್ಯದ ಹಲಗೆಗಳನ್ನೂ ಒಳಗಿನ ಗಾಳಿಯ ಅವಕಾಶವನ್ನೂ ಶ್ರುತಿಗೊಳಿಸಿ ಪರೀಕ್ಷಿಸಲಾಗಿದೆ ಎಂಬ ಚೀಟಿಯನ್ನು ಒಡಲೊಳಗೆ ಅಂಟಿಸಿ ಸಹಿ ಹಾಕುತ್ತಿದ್ದನು. ನಾದಕ್ಕೆ ಪ್ರಮಾಣಪತ್ರ! ಆದರೆ ವಾದ್ಯಗಳು ಹೆಚ್ಚಾಗಿ ಮಾರಾಟವಾಗಲಿಲ್ಲ. ಲೋರ್ 1924ರಲ್ಲಿ ಸಂಸ್ಥೆಯನ್ನು ಬಿಟ್ಟನು. 1923ರಲ್ಲಿ ತಯಾರಾದ ಅಂತಹುದೊಂದು ವಾದ್ಯವನ್ನು ಬಿಲ್ ಮನ್ರೋ ಎಂಬ ಗಾಯಕನು 1940ರ ದಶಕದಲ್ಲಿ ಮಯಾಮಿಯ ಒಂದು ಕ್ಷೌರದಂಗಡಿಯಲ್ಲಿ ಕಂಡು 150 ಡಾಲರಿಗೆ ಕೊಂಡನು. ಆತನ ಕೈಯಲ್ಲಿ ಅದು ನುಡಿದ ಮೇಲೆ ಲೋರನ ಸಹಿಗೆ ಬೆಲೆ ಬಂದಿತು. ಇಂದು ಆ ಸಹಿಯುಳ್ಳ ಎಫ್-5ಗಳು ಲಕ್ಷ ಡಾಲರುಗಳನ್ನೂ ಮೀರಿ ಮಾರಿವೆ. ಈಗಿನ ಕುಶಲಿಗಳು ಕೈಯಿಂದ ಕಡೆದ ಹೊಸ ವಾದ್ಯಗಳಿಗೂ ಹತ್ತು ಸಾವಿರ ಡಾಲರಿಗೆ ಮೀರಿದ ಬೆಲೆಯುಂಟು.

ಈ ಬೆಲೆಯು ನಾದಕ್ಕೋ, ಹೆಸರಿಗೋ? ಮೊದಲು ನಾದದ ಮೂಲವನ್ನು ನೋಡೋಣ. ಮ್ಯಾಂಡೊಲಿನ್ನಿನ ತಂತಿಗಳು ಎರಡೆರಡಾಗಿ ನಾಲ್ಕು ಜೊತೆ. ಸೆಕೆಂಡಿಗೆ 196, 294, 440 ಮತ್ತು 659 ಕಂಪನಗಳಿಗೆ ಅವನ್ನು ಶ್ರುತಿಮಾಡುವರು. ಅತಿ ಸಣ್ಣ ತಂತಿಯ ವ್ಯಾಸ ಸುಮಾರು 0.28 ಮಿಲಿಮೀಟರ್, ಕಂಪಿಸುವ ಉದ್ದ ಸುಮಾರು 35 ಸೆಂಟಿಮೀಟರ್. ಉಕ್ಕಿನ ಸಾಂದ್ರತೆಯನ್ನು ತಿಳಿದ ವಿದ್ಯಾರ್ಥಿಯು ಲೆಕ್ಕ ಹಾಕಿದರೆ, ಆ ಒಂದು ತಂತಿಯ ಎಳೆತವೇ ಹತ್ತು ಕಿಲೋಗ್ರಾಂ ತೂಕಕ್ಕೆ ಸಮನೆಂದು ಕಂಡುಕೊಳ್ಳುವನು. ಎಂಟೂ ಸೇರಿ ಸುಮಾರು ಎಂಬತ್ತು ಕಿಲೋಗ್ರಾಂ. ಆದರೆ ಇಷ್ಟು ಬಿಗಿದ ತಂತಿಯೂ ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದು ಕುದುರೆಯ ಮೂಲಕ ಸ್ಪ್ರೂಸ್ ಮರದ ಮೇಲುಹಲಗೆಯನ್ನು ಕುಲುಕಿದಾಗಲೇ ನಾದವು ಕೋಣೆಯನ್ನು ತುಂಬುವುದು.

ಈ ಹಲಗೆಯ ದಪ್ಪ ಕೆಲವೇ ಮಿಲಿಮೀಟರ್. ಚಪ್ಪಟೆ ಹಲಗೆಯೊಂದರ ಬಾಗದಿರುವ ಗುಣವು ದಪ್ಪದ ಘನಕ್ಕೆ ಅನುಪಾತದಲ್ಲಿರುವುದು. ದಪ್ಪವನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿದರೆ ಆ ಗುಣವು ನೂರಕ್ಕೆ ಇಪ್ಪತ್ತೇಳರಷ್ಟು ತಗ್ಗುವುದು. ಹಲಗೆಯ ಸ್ವಂತ ಸ್ವರವು ಸರಿಸುಮಾರು ಎರಡು ಅರ್ಧಸ್ವರಗಳಷ್ಟು ಇಳಿಯುವುದು. ಕಮಾನಿನಂತೆ ಕಡೆದ ಮ್ಯಾಂಡೊಲಿನ್ ಹಲಗೆಯಲ್ಲಿ ಲೆಕ್ಕವು ಇಷ್ಟು ಸರಳವಲ್ಲ; ಆದರೆ ಉಳಿಯ ಒಂದೆರಡು ಹೆಚ್ಚಿನ ಎಳೆತವು ವಾದ್ಯದ ಸ್ವಭಾವವನ್ನೇ ಬದಲಿಸಬಲ್ಲುದೆಂಬುದು ಸ್ಪಷ್ಟ. ಮೇಲಾಗಿ, ಒಂದೇ ಮರದ ಎರಡು ಹಲಗೆಗಳೂ ಒಂದೇ ಸಮನಲ್ಲ. ಆದುದರಿಂದ ಒಬ್ಬನೇ ಕುಶಲಿಯ, ಒಂದೇ ಮಾದರಿಯ ಎರಡು ವಾದ್ಯಗಳು ಅವಳಿ ಮಕ್ಕಳಂತಿರದೆ ಅಣ್ಣತಮ್ಮಂದಿರಂತಿರುವುವು. ತಮ್ಮನನ್ನು ಕೊಳ್ಳುವವನು ಅಣ್ಣನ ಗುಣವನ್ನು ಕೇಳಿ ಸಮಾಧಾನಪಡುವಂತಿಲ್ಲ.

ಮಾರುವವರು ಮರದ ಹೆಸರನ್ನು ದೊಡ್ಡದಾಗಿ ಹೇಳುವರು. ಈ ಕುರಿತು ಇಂಗ್ಲೆಂಡಿನ ಲ್ಯಾಂಕಾಸ್ಟರಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಬೆನ್ನುಹಲಗೆ ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಆದಷ್ಟು ಸಮನಾದ ಆರು ಗಿಟಾರುಗಳನ್ನು ಮಾಡಿಸಿ, ಕಣ್ಣಿಗೆ ಮರ ಕಾಣದಂತೆ 52 ಮಂದಿ ವಾದಕರ ಕೈಗೆ ಕೊಟ್ಟರು. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ, ಬಹು ದುಬಾರಿಯಾದ ಬ್ರೆಜಿಲಿನ ಬೀಟೆ, ಅಗ್ಗದ ಮರಗಳು ಎಲ್ಲವೂ ಅಲ್ಲಿದ್ದುವು. ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ.

ಹಳೆಯ ಹೆಸರಿನ ಕಥೆಯೂ ಹಾಗೆಯೇ. 2010ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ 21 ಮಂದಿ ಪಿಟೀಲುವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಮೂರು ಹೊಸ ಪಿಟೀಲುಗಳನ್ನೂ ಮೂರು ಪ್ರಾಚೀನ ಇಟಲಿಯ ಪಿಟೀಲುಗಳನ್ನೂ ಕೊಡಲಾಯಿತು. ಹಳೆಯವುಗಳಲ್ಲಿ ಎರಡು ಸ್ಟ್ರಾಡಿವರಿಯ ಕೃತಿಗಳು. ಮನೆಗೆ ಕೊಂಡೊಯ್ಯಲು ಯಾವುದನ್ನು ಆರಿಸುವಿರಿ ಎಂದು ಕೇಳಿದಾಗ, ಹಳೆಯದನ್ನು ಆರಿಸಿದವರು ಎಂಟೇ ಮಂದಿ. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಇನ್ನೊಂದು ಪರೀಕ್ಷೆಯ ಫಲ. ಅದೇ ಪಿಟೀಲುಗಳನ್ನು ಮತ್ತೆ ಕೊಟ್ಟಾಗ ವಾದಕನು ತನ್ನ ಮೊದಲ ಅಭಿಪ್ರಾಯಕ್ಕೆ ಬಹುಮಟ್ಟಿಗೆ ನಿಷ್ಠನಾಗಿದ್ದನು. ಆದರೆ ಒಬ್ಬನ ಮೆಚ್ಚುಗೆ ಇನ್ನೊಬ್ಬನ ಮೆಚ್ಚುಗೆಗೆ ಹೊಂದಲಿಲ್ಲ. ಮ್ಯಾಂಡೊಲಿನ್ ಪಿಟೀಲಲ್ಲ, ನಿಜ. ಆದರೂ ಪರಿಣತನೊಬ್ಬನು ಪ್ರಾಮಾಣಿಕವಾಗಿ ಹೊಗಳಿದ ವಾದ್ಯವು ನಮಗೆ ಹಿಡಿಸದಿರುವುದು ಆಶ್ಚರ್ಯವಲ್ಲವೆಂಬುದು ಇದರಿಂದ ತಿಳಿಯುವುದು.

ಏಕೆ ಹೀಗೆ? ಸಿ. ವಿ. ರಾಮನ್ನರು 1920ರಲ್ಲಿ ಕಲ್ಕತ್ತೆಯಲ್ಲಿ ಪಿಟೀಲನ್ನು ಯಂತ್ರದಿಂದ ನುಡಿಸುವ ಪ್ರಯೋಗಗಳನ್ನು ವರ್ಣಿಸಿದರು. ಕಮಾನಿನ ವೇಗವನ್ನೂ ಒತ್ತಡವನ್ನೂ ಅಳೆದು ನಿಯಂತ್ರಿಸಬೇಕಾದರೆ ಮನುಷ್ಯನ ಚಂಚಲವಾದ ಕೈಯನ್ನು ದೂರವಿಡಬೇಕಷ್ಟೆ. ಪಿಟೀಲನ್ನು ಅರಿಯಲು ಅದು ಸರಿಯಾದ ಮಾರ್ಗ. ಕೊಳ್ಳುವವನ ಗತಿ ಇದಕ್ಕೆ ವಿಪರೀತ: ಅವನಿಗೆ ಬೇಕಾದುದು ತನ್ನ ಕೈಯೂ ಸೇರಿದ ವಾದ್ಯ. ಮ್ಯಾಂಡೊಲಿನ್ನಿನ ಬೆನ್ನು ವಾದಕನ ಹೊಟ್ಟೆಗೆ ಒತ್ತಿದಾಗ ಅದರ ಕಂಪನ ಕುಗ್ಗುವುದು. ಮೀಟುವ ಬಿಲ್ಲೆ ದಪ್ಪವಾಗಿದ್ದು ಅಂಚು ದುಂಡಗಿದ್ದರೆ ಮೇಲಿನ ಉಪಸ್ವರಗಳು ತಗ್ಗುವುವು. ಕುದುರೆಯ ಹತ್ತಿರ ಮೀಟಿದರೆ ಒಂದು ನಾದ, ದೂರ ಮೀಟಿದರೆ ಇನ್ನೊಂದು.

ಹಾಗಾದರೆ ಧ್ವನಿಮುದ್ರಣ? ಅದು ಇನ್ನೊಬ್ಬನ ಕೈ, ಇನ್ನೊಂದು ಕೋಣೆ, ಇನ್ನೊಂದು ಮೈಕ್ರೊಫೋನು. ಕೇಳುವ ಸಾಧನದ ಮೋಸವೂ ಉಂಟು. ಕೈಫೋನಿನ ಪುಟ್ಟ ಸ್ಪೀಕರು 196 ಕಂಪನಗಳ ಸ್ವರವನ್ನು ಹೊರಡಿಸುವುದು ಬಹು ಕ್ಷೀಣವಾಗಿ. ಆದರೂ ಅದರ ಉಪಸ್ವರಗಳಾದ 392, 588, 784 ಕೇಳಿಬಂದರೆ ಸಾಕು, ಅವುಗಳ ನಡುವಿನ ಸಮಾನ ಅಂತರದಿಂದ ನಮ್ಮ ಶ್ರವಣೇಂದ್ರಿಯವು 196ರ ಸ್ವರವನ್ನು ತಾನೇ ಕಲ್ಪಿಸಿಕೊಳ್ಳುವುದು! ಕೆಳಸ್ವರದ ತುಂಬುನಾದವೆಂದು ನಾವು ಮೆಚ್ಚಿದ್ದು ಅರ್ಧಪಾಲು ನಮ್ಮದೇ ಸೃಷ್ಟಿಯಾಗಿರಬಹುದು.

ಇಷ್ಟಾದರೂ ದೂರದಿಂದ ತಿಳಿಯಬಹುದಾದುದು ಸ್ವಲ್ಪವಲ್ಲ. ಬಿರಡೆಗಳ ಬಳಿ ಕೊರಳಿನ ಅಗಲವನ್ನು ಕೇಳಬೇಕು, 28.6 ಮತ್ತು 30.2 ಮಿಲಿಮೀಟರುಗಳ ಅಂತರವು ಕಾಗದದ ಮೇಲೆ ಅಲ್ಪ, ಬೆರಳುಗಳಿಗೆ ಬಹಳ. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿದ ಸ್ವರವು ತೆರೆದ ತಂತಿಯ ಸ್ವರಕ್ಕೆ ಸರಿಯಾಗಿ ಇಮ್ಮಡಿಯೆ ಎಂದು ಅಳೆದು ತೋರಿಸಲು ಹೇಳಬೇಕು. ಜೊತೆಯ ಎರಡು ತಂತಿಗಳಲ್ಲಿ ಒಂದು 880ನ್ನೂ ಇನ್ನೊಂದು 882.5ನ್ನೂ ನುಡಿದರೆ, ಸ್ವರವು ಸೆಕೆಂಡಿಗೆ ಎರಡೂವರೆ ಬಾರಿ ತೂಗಾಡುವುದು. ಕಿವಿಯುಳ್ಳವನಿಗೆ ಇದು ಅಸಹ್ಯ. ಬಿರುಕು, ಕೊರಳಿನ ಬಾಗು, ತಂತಿಯ ಎತ್ತರ ಇವೆಲ್ಲ ಅಳತೆಗೆ ಸಿಕ್ಕುವ ಸಂಗತಿಗಳು. ಇವುಗಳಿಂದ ಕೆಟ್ಟ ವಾದ್ಯವನ್ನು ತಳ್ಳಿಹಾಕಬಹುದು. ಒಳ್ಳೆಯ ಎರಡರಲ್ಲಿ ನನ್ನದು ಯಾವುದೆಂದು ಆರಿಸಲಾಗದು.

ಆದುದರಿಂದ ಹಿಂತಿರುಗಿಸುವ ಕರಾರೇ ಈ ವ್ಯಾಪಾರದ ಜೀವಾಳ. ಅನೇಕ ವ್ಯಾಪಾರಿಗಳು ಕೆಲವು ದಿನಗಳ ಪರೀಕ್ಷಾವಧಿಯನ್ನು ಕೊಡುವರು. ಸಮುದ್ರದಾಚೆಯಿಂದ ತರಿಸುವವನು ಎರಡು ದಿಕ್ಕಿನ ಸಾಗಣೆಯ ವೆಚ್ಚವನ್ನೂ ಸುಂಕವನ್ನೂ ಮೊದಲೇ ಎಣಿಸಿಕೊಳ್ಳಬೇಕು. ಅಷ್ಟನ್ನು ಕಳೆದುಕೊಳ್ಳಲು ಶಕ್ತಿಯಿಲ್ಲದಿದ್ದರೆ, ಅಥವಾ ಕರಾರೇ ಇಲ್ಲದಿದ್ದರೆ, ಹಣ ಕಳುಹಿಸಬಾರದೆಂದೇ ನನ್ನ ಅಭಿಮತ.

ವಾದ್ಯವು ಬಂದಿತೆನ್ನಿ. ಪೆಟ್ಟಿಗೆಯನ್ನು ಒಡನೆ ತೆರೆಯದೆ, ಕೋಣೆಯ ಉಷ್ಣತೆಗೆ ಬರುವವರೆಗೆ ಒಂದು ದಿನ ಬಿಡುವುದು ಲೇಸು. ಒಣನಾಡಿನಿಂದ ಮಳೆಗಾಲದ ಮಂಗಳೂರಿಗೆ ಬಂದ ಸ್ಪ್ರೂಸ್ ಹಲಗೆಯು ತೇವವನ್ನು ಹೀರಿ ಅಗಲದಲ್ಲಿ ಒಂದೆರಡು ಮಿಲಿಮೀಟರ್ ಹಿಗ್ಗಬಲ್ಲುದು. ಆಗ ಹಲಗೆ ಉಬ್ಬಿ ತಂತಿಗಳು ಮೇಲೇರುವುವು. ಇದು ಹವೆಯ ಗುಣ, ವಾದ್ಯದ ದೋಷವಲ್ಲ. ಬಳಿಕ ಹೊಸ ತಂತಿಗಳನ್ನು ಕಟ್ಟಿ, ತನ್ನದೇ ಬಿಲ್ಲೆಯಿಂದ, ತಾನು ದಿನವೂ ಅಭ್ಯಾಸ ಮಾಡುವ ಕೋಣೆಯಲ್ಲಿಯೇ ನುಡಿಸಬೇಕು. ವಾದ್ಯವು ನಾದವನ್ನು ಮುಂದಕ್ಕೆ ಎಸೆಯುವುದರಿಂದ, ಒಮ್ಮೆ ಗೆಳೆಯನ ಕೈಗೆ ಕೊಟ್ಟು ಮೂರು ಮೀಟರ್ ದೂರದಲ್ಲಿ ಕುಳಿತು ಆಲಿಸಬೇಕು. ಮನೆಯಲ್ಲಿ ಹಳೆಯ ಮ್ಯಾಂಡೊಲಿನ್ ಒಂದಿದ್ದರೆ, ಯಾವುದನ್ನು ನುಡಿಸುತ್ತಿರುವೆನೆಂದು ಗೆಳೆಯನು ಹೇಳದಿರಲಿ. ಕೇಳುವವನು ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿರಲಿ.