ನಿಮಗಿದು ಗೊತ್ತೆ? ಬೇಕಲದ ನೆಲದಡಿ ಟಂಕಸಾಲೆ

ಕಾರಡ್ಕದ ಕಡೆಯವರು ಬೇಕಲ ಕೋಟೆಗೆ ಹೋದರೆ ಕಡಲು ನೋಡಿ, ಫೋಟೊ ತೆಗೆದುಕೊಂಡು ಬರುವುದೇ ಹೆಚ್ಚು. ಕಾಲಡಿಯ ಮಣ್ಣನ್ನು ಯಾರು ನೋಡುತ್ತಾರೆ? 1997ರಿಂದ 2001ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಅಗೆದಾಗ ಅರಮನೆಯ ಅವಶೇಷ, ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ, ಇಕ್ಕೇರಿ (ಕೆಳದಿ) ನಾಯಕರ ಮತ್ತು ಟಿಪ್ಪುವಿನ ಕಾಲದ ಕಟ್ಟಡಗಳ ಕುರುಹು ಹೊರಬಂದವು.

ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದನೆನ್ನಲಾದ ಈ ಕೆಂಪುಕಲ್ಲಿನ ಕೋಟೆಯ ವಿಸ್ತಾರ ಸುಮಾರು 40 ಎಕರೆ. ಕಡಲ ಕಡೆಯ ಗೋಡೆಯಲ್ಲಿರುವ ಗುಂಡಿಕ್ಕುವ ಕಿಂಡಿಗಳನ್ನು ಬಗ್ಗಿ ನೋಡಬೇಕು: ಮೇಲಿನದು ದೂರದ ಶತ್ರುವಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಪಕ್ಕಾ ಲೆಕ್ಕಾಚಾರ!

ಅಷ್ಟು ದೂರ ಹೋಗಲಾರದವರಿಗೆ, ಕಾರಡ್ಕಕ್ಕೆ ಹತ್ತಿರದ ಪೊವ್ವಲಿನಲ್ಲೂ ಹಳೆಯ ಕೋಟೆಯೊಂದಿದೆ.