ಫ್ಲಾರೆನ್ಸಿನ ಗುಮ್ಮಟದ ಒಳಹೊಕ್ಕು

ಇಟಲಿಯ ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ದೆಲ್ ಫಿಯೋರೆ ಪ್ರಧಾನಾಲಯದ ನಿರ್ಮಾಣ 1296ರಲ್ಲಿ ಆರ್ನೋಲ್ಫೊ ದಿ ಕಾಂಬಿಯೊನ ನಕ್ಷೆಯಂತೆ ಶುರುವಾಯಿತು. ಪೋಪ್ ನಾಲ್ಕನೆಯ ಯುಜೀನ್ ಅದನ್ನು ಪವಿತ್ರೀಕರಿಸಿದ್ದು 1436ರಲ್ಲಿ. ಬಿಳಿ, ಹಸಿರು, ನಸುಗೆಂಪು ಅಮೃತಶಿಲೆ ಹೊದಿಸಿದ ಮುಂಭಾಗವನ್ನು ನೋಡಿದವರು ಅದೂ ಅಷ್ಟೇ ಹಳೆಯದೆಂದು ತಿಳಿಯುವುದುಂಟು. ಆದರೆ ಅದು ಪೂರ್ಣಗೊಂಡದ್ದು 1887ರಲ್ಲಿ.

ಹೊರಗಿನ ವೈಭವಕ್ಕೆ ಹೋಲಿಸಿದರೆ ಒಳಾಂಗಣ ಸರಳ, ವಿಶಾಲ. ಬಾಗಿಲ ಮೇಲ್ಗಡೆ 1443ರಲ್ಲಿ ಪಾವ್ಲೊ ಉಚ್ಚೆಲ್ಲೊ ಚಿತ್ರಿಸಿದ ದೊಡ್ಡ ಗಡಿಯಾರವಿದೆ. ಅದಕ್ಕೆ ಒಂದೇ ಮುಳ್ಳು. ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ 24 ಗಂಟೆ ಎಣಿಸುವ ಹಳೆಯ ಲೆಕ್ಕವನ್ನು ಅದು ಇಂದಿಗೂ ತೋರಿಸುತ್ತದೆ.

ಈ ಕಟ್ಟಡದ ನಿಜವಾದ ಅಚ್ಚರಿ ಗುಮ್ಮಟ. ಸುಮಾರು 45 ಮೀಟರ್ ಅಗಲದ ತೆರವನ್ನು ಮುಚ್ಚಬೇಕಿತ್ತು. ಅಷ್ಟು ಎತ್ತರಕ್ಕೆ ನೆಲದಿಂದ ಮರದ ಆಸರೆ ಕಟ್ಟುವುದು ದುಸ್ಸಾಧ್ಯವಾಗಿತ್ತು. ಅಕ್ಕಸಾಲಿಗನಾಗಿ ತರಬೇತಿ ಪಡೆದಿದ್ದ ಫಿಲಿಪ್ಪೊ ಬ್ರುನೆಲ್ಲೆಸ್ಕಿ 1420ರಲ್ಲಿ ಕೆಲಸ ಆರಂಭಿಸಿ, ಅಂಥ ಆಸರೆಯಿಲ್ಲದೆಯೇ ಅದನ್ನು ಮೇಲೆಬ್ಬಿಸಿದ. ಒಂದರೊಳಗೊಂದು ಎರಡು ಚಿಪ್ಪುಗಳನ್ನು ಕಟ್ಟಿದ್ದರಿಂದ ಭಾರ ತಗ್ಗಿತು. ಮಲಗಿಸಿದ ಇಟ್ಟಿಗೆಗಳ ನಡುನಡುವೆ ನಿಲ್ಲಿಸಿದ ಇಟ್ಟಿಗೆಗಳನ್ನು ಓರೆಸಾಲಾಗಿ ಹೆಣೆದದ್ದರಿಂದ, ಗಾರೆ ಗಟ್ಟಿಯಾಗುವ ಮೊದಲೂ ವರಸೆಗಳು ಜಾರಲಿಲ್ಲ. ಸಾಮಗ್ರಿ ಮೇಲೆತ್ತಲು ಎತ್ತುಗಳು ತಿರುಗಿಸುವ ಯಂತ್ರವನ್ನೂ ಅವನೇ ರೂಪಿಸಿದ.

ಗುಮ್ಮಟದ ತುದಿಗೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ದಾರಿ ಮೊದಲು ಗುಮ್ಮಟದ ಒಳಮೈಯಲ್ಲಿರುವ ಅಂತಿಮ ತೀರ್ಪಿನ ಭಿತ್ತಿಚಿತ್ರದ ಬಳಿ ಹಾಯುತ್ತದೆ. ವಸಾರಿ 1572ರಲ್ಲಿ ಆರಂಭಿಸಿದ ಈ ಚಿತ್ರವನ್ನು ಅವನ ಮರಣಾನಂತರ ಝುಕ್ಕಾರಿ 1579ರಲ್ಲಿ ಮುಗಿಸಿದ. ಮುಂದೆ ಮೆಟ್ಟಿಲುಗಳು ಎರಡು ಚಿಪ್ಪುಗಳ ನಡುವೆಯೇ ಏರುತ್ತವೆ. ಅಲ್ಲಿ ಇಟ್ಟಿಗೆಯ ಹೆಣಿಗೆ ಕಣ್ಣಳತೆಯಲ್ಲೇ ಕಾಣುತ್ತದೆ. ಹೃದ್ರೋಗಿಗಳಿಗೆ, ಇಕ್ಕಟ್ಟಿನ ಜಾಗದಲ್ಲಿ ಉಸಿರುಗಟ್ಟಿದಂತಾಗುವವರಿಗೆ ಈ ಹತ್ತುವಿಕೆ ತಕ್ಕುದಲ್ಲ.

ಪ್ರಧಾನಾಲಯಕ್ಕೆ ಪ್ರವೇಶ ಉಚಿತ. ಗುಮ್ಮಟಕ್ಕೆ ಸಮಯ ಗೊತ್ತುಮಾಡಿ ಮುಂಗಡ ಟಿಕೆಟ್ ಪಡೆಯಬೇಕು. ಇದು ಬಲಿಪೂಜೆ ನಡೆಯುವ ಜೀವಂತ ಆರಾಧನಾಸ್ಥಳ. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಪಕ್ಕದಲ್ಲೇ ಜೊತ್ತೊ 1334ರಲ್ಲಿ ಆರಂಭಿಸಿದ ಗಂಟೆಗೋಪುರವಿದೆ. ಅದರ 414 ಮೆಟ್ಟಿಲು ಹತ್ತಿದರೆ ಗುಮ್ಮಟದ ಹೊರರೂಪ ಎದುರಿಗೇ ಕಾಣುತ್ತದೆ. ಎದುರಿನ ದೀಕ್ಷಾಸ್ನಾನ ಮಂದಿರಕ್ಕೆ ಗಿಬೆರ್ತಿ ಮಾಡಿದ ಚಿನ್ನದ ಲೇಪದ ಮೂಲ ಬಾಗಿಲುಗಳು ಈಗ ಪ್ರಧಾನಾಲಯದ ವಸ್ತುಸಂಗ್ರಹಾಲಯದಲ್ಲಿವೆ. ಮೈಕೆಲೇಂಜೆಲೊ ವೃದ್ಧಾಪ್ಯದಲ್ಲಿ ಕೆತ್ತಿದ ಪಿಯೆತಾ, ಅಂದರೆ ಯೇಸುವಿನ ಮೃತದೇಹಕ್ಕಾಗಿ ಶೋಕಿಸುವ ಶಿಲ್ಪವೂ ಅಲ್ಲಿದೆ.

ಚೌಕದಲ್ಲಿ ನಿಂತು ಫೋಟೊ ತೆಗೆದು ಹೊರಟರೆ ಇದರಲ್ಲಿ ಕಾಣುವುದು ಅಲಂಕಾರವಷ್ಟೇ. ಮೈಯಲ್ಲಿ ಕಸುವಿದ್ದವರು ಅರ್ಧ ದಿನ ಮೀಸಲಿಟ್ಟು ಗುಮ್ಮಟ ಹತ್ತಬೇಕು. ಕಟ್ಟಿದವರ ಬುದ್ಧಿ ತಿಳಿಯುವುದು ಅಲ್ಲಿಯೇ.